ಬೆಳ್ತಂಗಡಿಗೆ ರಾತ್ರಿ ರೈಲು

ನನ್ನ ಚಿಕ್ಕಮ್ಮ ಮಲಗದ ರಾತ್ರಿ ರೈಲು ಈ ಪ್ರಪಂಚದಲ್ಲಿ ಇಲ್ಲ. ಹಿಮದ ಮೇಲೆ ಹೋಗುವ ರೈಲು, ಮರುಭೂಮಿ ದಾಟುವ ರೈಲು, ಸುರಂಗಕ್ಕೆ ಹೊಕ್ಕರೆ ಅರ್ಧ ಗಂಟೆ ಹೊರಗೆ ಬಾರದ ರೈಲು, ಎಲ್ಲದರ ಬರ್ತಿನ ಉದ್ದಗಲ ಅವಳಿಗೆ ಗೊತ್ತು. ಯಾವ ದೇಶದ ದಿಂಬು ಮೆತ್ತಗೆ, ಯಾವ ದೇಶದ ಕಂಬಳಿ ಚುಚ್ಚುತ್ತದೆ, ಎಲ್ಲಿ ಟಾಯ್ಲೆಟ್ಟಿನ ಚಿಲಕ ಸರಿಯಿಲ್ಲ ಎಂದು ಕೇಳಿದ ತಕ್ಷಣ ಹೇಳುತ್ತಾಳೆ. ಕೇಳದಿದ್ದರೂ ಹೇಳುತ್ತಾಳೆ. ಒಂದೇ ಒಂದು ಸಣ್ಣ ವಿಷಯ ಉಂಟು. ಐವತ್ತೆಂಟು ವರ್ಷದ ನನ್ನ ಚಿಕ್ಕಮ್ಮ ಮೊನ್ನೆ ಮೊನ್ನೆಯವರೆಗೆ ರೈಲು ಹತ್ತಿಯೇ ಇರಲಿಲ್ಲ!

ಹತ್ತುವುದಾದರೂ ಎಲ್ಲಿಂದ ಹೇಳಿ? ಅವಳಿರುವುದು ಮೂಡುಬಿದಿರೆಯಲ್ಲಿ. ಅಲ್ಲಿ ಹದಿನೆಂಟು ಬಸದಿ ಉಂಟು, ಬೇಕಾದಷ್ಟು ಕಾಲೇಜು ಉಂಟು, ಬಸ್ಸಂತೂ ಒಂದರ ಬಾಲಕ್ಕೆ ಒಂದು ಉಂಟು. ರೈಲು ಮಾತ್ರ ಇಲ್ಲ. ರೈಲು ಬೇಕಾದರೆ ನಮ್ಮ ಬಂಟ್ವಾಳಕ್ಕೆ ಬರಬೇಕು. ನನ್ನ ಮನೆ ಬಿ.ಸಿ. ರೋಡಿನಲ್ಲಿ, ಸ್ಟೇಷನ್ನಿನಿಂದ ಕೂಗಳತೆಯಲ್ಲಿ. ಮೆಲ್ಕಾರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು ಉಂಟು. ಮದುವೆ ಕಾಗದ, ಬಿಲ್ ಬುಕ್ಕು, ನಾಟಕದ ಹ್ಯಾಂಡ್‌ಬಿಲ್ಲು ಮಾಡಿಕೊಡುವುದು ನನ್ನ ಕಸುಬು. ಈ ಕಸುಬಿನಿಂದಲೂ ಚಿಕ್ಕಮ್ಮನ ರೈಲಿಗೆ ಒಂದು ಅವಾಂತರವಾಗಿದೆ. ಅದನ್ನು ಮುಚ್ಚಿಡುವುದಿಲ್ಲ, ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಚಿಕ್ಕಮ್ಮ ಕೂತಲ್ಲಿ ಕೂರುವ ಜನ ಅಲ್ಲ. ಹಪ್ಪಳ ಒಣಹಾಕುತ್ತಾ ಫೋನಿನಲ್ಲಿ ಮಾತಾಡುತ್ತಾಳೆ, ಮಾತಾಡುತ್ತಾ ಗೇಟಿನವರೆಗೆ ಹೋಗುತ್ತಾಳೆ, ಯಾಕೆ ಹೋದೆನೆಂದು ಮರೆತು ವಾಪಸು ಬರುತ್ತಾಳೆ. ಅವಳ ಹತ್ತಿರ ಒಂದು ವಿಷಯ ಪೂರ್ತಿ ಹೇಳಬೇಕಾದರೆ ನಾವೂ ಅಡಿಗೆಮನೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಚಾವಡಿಗೆ ನಡೆಯಬೇಕು. ಇಂಥವಳು ಮೊಬೈಲಿನಿಂದ ಟಿವಿಗೆ ರೈಲಿನ ಡಾಕ್ಯುಮೆಂಟರಿ ಹಾಕಿದಳೆಂದರೆ ಮೂರು ಗಂಟೆ ಅಲ್ಲಾಡುವುದಿಲ್ಲ. ಅಲ್ಲಾಡುವುದಿಲ್ಲ ಎಂದರೆ ತಪ್ಪಾಯಿತು, ರೈಲು ತಿರುಗಿದ ಬದಿಗೆ ಅವಳೂ ವಾಲುತ್ತಾಳೆ! ಅದರಲ್ಲಿ ಆಡುವ ಭಾಷೆ ಯಾವುದೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಬರ್ತು ಬಿಡಿಸುವುದನ್ನು ಸರಿಯಾಗಿ ತೋರಿಸಿದರೆ ಸಾಕು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಚಿಕ್ಕಮ್ಮನ ಮನೆಯಲ್ಲಿ ಊಟವಿಲ್ಲ. (ನನ್ನ ಮನೆಯ ವಿಷಯ ಕೇಳಬೇಡಿ.) ಆದರೆ ಈ ಡಾಕ್ಯುಮೆಂಟರಿಯವರಿಗೆ ರಾತ್ರಿ ರೈಲೆಂದರೆ ಮೊದಲು ನೆನಪಾಗುವುದೇ ಊಟ. ಹೊರಗೆ ಕಗ್ಗತ್ತಲು, ಒಳಗೆ ಬಿಳಿ ಬಟ್ಟೆ ಹಾಸಿದ ಮೇಜು, ನಾಲ್ಕು ಜನ ಕೂತು ನಿಧಾನಕ್ಕೆ ತಿನ್ನುತ್ತಿರುತ್ತಾರೆ. ಚಿಕ್ಕಮ್ಮನಿಗೆ ಸಂಕಟ. ಒಂದು ಗಂಟೆ ಮೊದಲು ಉಂಡರೆ ಇವರ ಗಂಟು ಹೋಗುತ್ತದಾ ಎಂದು ಗೊಣಗುತ್ತಾ ಅಷ್ಟು ಭಾಗವನ್ನು ಮುಂದಕ್ಕೆ ಓಡಿಸುತ್ತಾಳೆ. ಒಂದು ದಿನ ನಾನು ಹೋದಾಗ ಅವಳ ಮುಖ ಊರಗಲವಾಗಿತ್ತು. ಎಲ್ಲೋ ಉತ್ತರದ ತುದಿಯಲ್ಲಿ ಒಂದು ದೇಶವಂತೆ, ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಂತೆ, ರಾತ್ರಿ ಹನ್ನೊಂದೂವರೆಗೆ ಜನ ಬಿಸಿಲಿನಲ್ಲಿ ಕೂತು ರೈಲಿನಲ್ಲಿ ಉಣ್ಣುತ್ತಾರಂತೆ! ಆ ರೈಲಿನಲ್ಲಿ ನಮ್ಮವರು ಯಾವಾಗ ಬೇಕಾದರೂ ಉಣ್ಣಬಹುದು, ದೋಷವಿಲ್ಲ ಎಂದಳು. ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ, ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೂ ಇಲ್ಲವಂತೆ, ಆಗ ಎಂತ ಮಾಡ್ತೀ ಎಂದು ಕೇಳಿದರು. ಚಿಕ್ಕಮ್ಮ ಎರಡು ದಿನ ಯೋಚಿಸಿ ನನಗೆ ಫೋನ್ ಮಾಡಿ, ನಾವು ಹೋಗುವುದಾದರೆ ಬೇಸಿಗೆಗೇ ಟಿಕೆಟ್ಟು ಮಾಡಿಸುವ ಎಂದಳು.

ರೈಲಿನೊಳಗೆ ನಡೆಯುವ ಕತೆಗಳೂ ಆಗಬಹುದು ಅವಳಿಗೆ. ಅಂಥ ಕತೆಗಳಲ್ಲಿ ಸಾಧಾರಣ ಒಂದು ಕೊಲೆಯಾಗುತ್ತದೆ. ಕೊಂದವನು ಯಾರೆಂದು ನಾವೆಲ್ಲ ತಲೆ ಕೆಡಿಸಿಕೊಂಡಿರುವಾಗ ಚಿಕ್ಕಮ್ಮನ ತಲೆಬಿಸಿಯೇ ಬೇರೆ. ಸತ್ತವನ ಬರ್ತು ಖಾಲಿಯಾಯಿತಲ್ಲ, ಅದನ್ನು ಬರ್ತು ಸಿಗದೆ ಕೂತೇ ಹೋಗುವ ಆರ್‌ಎಸಿಯವರಿಗೆ ಕೊಟ್ಟರೋ ಇಲ್ಲವೋ? ಕೊಡದಿದ್ದರೆ ಆ ಕತೆ ಬರೆದವನಿಗೆ ಕರುಣೆ ಇಲ್ಲ ಎಂದೇ ಲೆಕ್ಕ. ಒಂದು ಕತೆಯಲ್ಲಿ ಪೊಲೀಸರು ಆ ಬರ್ತಿಗೆ ಬೀಗ ಹಾಕಿದರೆಂದು ಅವಳು ಅರ್ಧಕ್ಕೇ ಟಿವಿ ಆರಿಸಿದ್ದಾಳೆ. ಕೊಂದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಮ್ಮೆ ನನ್ನ ಮನೆಗೆ ಬಂದವಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಯಾವುದೋ ದೂರದ ರೈಲು ಸಿಗ್ನಲ್ ಸಿಗದೆ ನಿಂತಿತ್ತು. ಚಿಕ್ಕಮ್ಮ ಸ್ಲೀಪರ್ ಬೋಗಿಗಳ ಕಿಟಕಿಗಳನ್ನು ಒಂದೊಂದಾಗಿ ಇಣುಕುತ್ತಾ ಹೊರಟಳು. ಒಂದು ಕಡೆ ಯಾರೋ ಹಗಲು ಹೊತ್ತಿನಲ್ಲಿ ನಡುವಿನ ಬರ್ತು ಬಿಡಿಸಿ ಮಲಗಿದ್ದರು. ಕೆಳಗೆ ಒಬ್ಬ ಅಜ್ಜ ಕುತ್ತಿಗೆ ಬಗ್ಗಿಸಿಕೊಂಡು ಕೂತಿದ್ದರು. ಚಿಕ್ಕಮ್ಮ ಕಿಟಕಿಯ ಸರಳು ತಟ್ಟಿ, ಹಗಲು ಅದನ್ನು ಮಡಚಬೇಕು, ಗೊತ್ತಿಲ್ಲವಾ ಎಂದು ಮೂಡುಬಿದಿರೆಯ ಕನ್ನಡದಲ್ಲಿ ಗದರಿದಳು. ಮಲಗಿದ್ದವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಗಡಬಡಿಸಿ ಎದ್ದು ಮಡಚಿಯೇ ಬಿಟ್ಟರು! ರೈಲು ಹೊರಟು ಹೋದ ಮೇಲೂ ಇವಳು ಅಲ್ಲೇ ನಿಂತಿದ್ದಳು. ಇಷ್ಟು ಆಸೆ ಇರುವವಳು ಒಮ್ಮೆ ಹೋಗಿಯೇ ಬಿಡಬಾರದಾ ಎಂದು ನಾನು ರೇಗಿಸಿದೆ. ಅವಳು ಹಳಿಯನ್ನೇ ನೋಡುತ್ತಾ ಹೇಳಿದಳು.

"ಒಂದೇ ಒಂದು ರಾತ್ರಿ ಸಾಕು ಮಗಾ. ನಾನು ಮಲಗಿರಬೇಕು, ಬೇರೆ ಯಾರಾದರೂ ನನ್ನನ್ನು ಕರ್ಕೊಂಡು ಹೋಗಬೇಕು. ಆದರೆ ಅತ್ತೆಯನ್ನು ಯಾರ ಕೈಯಲ್ಲಿ ಬಿಡುವುದು?"

ಅತ್ತೆ ಎಂದರೆ ಚಿಕ್ಕಪ್ಪನ ತಾಯಿ. ನಾವೆಲ್ಲ ಅಜ್ಜಿ ಎನ್ನುತ್ತೇವೆ. ಎಂಬತ್ತೊಂಬತ್ತು ವರ್ಷ, ಕೈಕಾಲು ಗಟ್ಟಿ, ಮರೆವಿನ ಕಾಯಿಲೆ. ಹಗಲಿಡೀ ಒಂದು ತಕರಾರಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಾಯಿತೋ, ಬಟ್ಟೆಯ ಚೀಲಕ್ಕೆ ಎರಡು ಸೀರೆ, ಜಪಮಣಿ, ಒಂದು ಬಾಚಣಿಗೆ ತುಂಬಿಸಿ ಹೆಗಲಿಗೆ ಹಾಕಿ ಎದ್ದು ನಿಲ್ಲುತ್ತಾರೆ. "ಮನೆಗೆ ಹೋಗುವ" ಎನ್ನುತ್ತಾರೆ. ಮನೆ ಎಂದರೆ ಅವರ ತವರುಮನೆ, ಬೆಳ್ತಂಗಡಿಯಲ್ಲಿ. ಇದೇ ನಿಮ್ಮ ಮನೆ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಚಿಕ್ಕಪ್ಪ ಸಮಾಧಾನ ಮಾಡಲು ಹೋದರೆ ಇನ್ನೂ ಕಷ್ಟ. ಅಜ್ಜಿಗೆ ಸ್ವಂತ ಮಗ ತನ್ನ ಮಾವನ ಹಾಗೆ ಕಾಣುತ್ತಾರೆ, ತಲೆಗೆ ಸೆರಗು ಹಾಕಿ ಮೂಲೆಗೆ ಸರಿದು ನಿಲ್ಲುತ್ತಾರೆ. ಅರುವತ್ತೈದು ವರ್ಷದ ಚಿಕ್ಕಪ್ಪ ಸಂಜೆಯಾದರೆ ತಾಯಿಯ ಕಣ್ಣಿಗೆ ಬೀಳದ ಹಾಗೆ ತನ್ನದೇ ಮನೆಯಲ್ಲಿ ಅಡಗಿಕೊಂಡು ತಿರುಗುತ್ತಾರೆ!

ಒಮ್ಮೆ ಕಾರು ಮಾಡಿ ಬೆಳ್ತಂಗಡಿಗೇ ಕರೆದುಕೊಂಡು ಹೋದರು. ತವರುಮನೆಯವರು ಆ ಜಾಗ ಬಿಟ್ಟು ಎಷ್ಟೋ ಕಾಲವಾಗಿದೆ, ಈಗ ಅಲ್ಲಿ ಟೈಲ್ಸಿನ ಅಂಗಡಿ. ಅಜ್ಜಿ ಒಳಗೆ ಹೋಗಿ ನೆಲ ನೋಡಿದರು, ಗೋಡೆ ನೋಡಿದರು, ಬಣ್ಣ ಬಣ್ಣದ ಬಚ್ಚಲುಮನೆಗಳನ್ನು ನೋಡಿದರು. ಚಂದ ಉಂಟು ಎಂದರು. ಆಮೇಲೆ ಚಿಕ್ಕಮ್ಮನ ಕೈ ಹಿಡಿದು, ಇನ್ನು ಮನೆಗೆ ಹೋಗುವ ಎಂದರು. ಚಿಕ್ಕಮ್ಮ ದಾರಿಯುದ್ದ ಅತ್ತಳಂತೆ. ಅವಳೇ ಹೇಳಿದ್ದು.

ಅದಾಗಿ ಕೆಲವು ದಿನಗಳಲ್ಲಿ ಒಂದು ಸಂಜೆ ಟಿವಿಯಲ್ಲಿ ಹೇಗೋ ಒಂದು ರಾತ್ರಿ ರೈಲು ಬಂತು. ಚೀಲ ಹೆಗಲಿಗೆ ಹಾಕಿ ನಿಂತಿದ್ದ ಅಜ್ಜಿ ಅದನ್ನು ನೋಡಿದರು. ಇದು ಎಲ್ಲಿಗೆ ಹೋಗುವುದು ಎಂದು ಕೇಳಿದರು. ಚಿಕ್ಕಮ್ಮ ಸಾಕಾಗಿ ಹೋಗಿದ್ದಳು, ಬಾಯಿಗೆ ಬಂದದ್ದು ಹೇಳಿದಳು: ಬೆಳ್ತಂಗಡಿಗೆ. ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಬೆಳಿಗ್ಗೆ. ಹಾಗಾದರೆ ಮಲಗುವ ಎಂದು ಅಜ್ಜಿ ಚೀಲವನ್ನು ತಲೆಯಡಿಗೆ ಇಟ್ಟು ಮಲಗಿಯೇ ಬಿಟ್ಟರು! ಬೆಳಿಗ್ಗೆ ಎದ್ದರೆ ಅವರಿಗೆ ರೈಲಿನ ನೆನಪೂ ಇಲ್ಲ, ಬೆಳ್ತಂಗಡಿಯ ನೆನಪೂ ಇಲ್ಲ.

ಈಗ ಯೋಚಿಸಿ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಅದಕ್ಕೆ ಒಂದು ರಾತ್ರಿ ರೈಲು, ಅದರಲ್ಲಿ ಮಲಗುವ ವ್ಯವಸ್ಥೆ! ಯಾವ ಮಂತ್ರಿ ಬಂದರೂ ಕೊಡಲಾರದ ರೈಲನ್ನು ಚಿಕ್ಕಮ್ಮ ದಿನಾ ಸಂಜೆ ಆರೂಮುಕ್ಕಾಲಕ್ಕೆ ಸರಿಯಾಗಿ ಬಿಡತೊಡಗಿದಳು. ಪ್ರಪಂಚದ ಎಲ್ಲಾ ರೈಲುಗಳೂ ಬೆಳ್ತಂಗಡಿಗೇ ಹೋದವು. ಹೊರಗೆ ಹಿಮ ಕಂಡು ಇದೆಂತದು ಬಿಳಿ ಎಂದು ಅಜ್ಜಿ ಕೇಳಿದರೆ, ಕುದುರೆಮುಖದ ಬದಿಯ ಮಂಜು ಅತ್ತೆ ಎಂದು ಉತ್ತರ. ಮರುಭೂಮಿಯಲ್ಲಿ ಒಂಟೆ ಕಂಡಾಗ ಮಾತ್ರ ಅವಳು ಉತ್ತರ ಹುಡುಕುವ ಮೊದಲೇ ಅಜ್ಜಿಯೇ, ಸರ್ಕಸ್ಸಿನವರು ಬಂದಿರಬೇಕು ಎಂದು ಸುಧಾರಿಸಿದರು.

ದಿನಕ್ಕೊಂದು ರೈಲು ಬೇಕಲ್ಲ, ಹುಡುಕಿ ಹುಡುಕಿ ಚಿಕ್ಕಮ್ಮನಿಗೆ ಈ ರೈಲಿನ ಹುಚ್ಚು ಹಿಡಿದದ್ದು ಹಾಗೆ. ನಾವೆಲ್ಲ ಅವಳನ್ನು ಗೇಲಿ ಮಾಡುತ್ತಿದ್ದೆವು, ನಾನಂತೂ ಎಲ್ಲರಿಗಿಂತ ಹೆಚ್ಚು.

ಇನ್ನು ನನ್ನ ಅವಾಂತರ. ಟಿಕೆಟ್ಟು ಎಲ್ಲಿ ಎಂದು ಅಜ್ಜಿ ಕೇಳತೊಡಗಿದ್ದರಿಂದ ಚಿಕ್ಕಮ್ಮ ನನಗೆ ಐವತ್ತು ಟಿಕೆಟ್ಟು ಪ್ರಿಂಟ್ ಮಾಡಲು ಹೇಳಿದಳು. ಸೀಸನ್ನಿನ ಸಮಯ, ಮದುವೆ ಕಾಗದದ ಕೆಲಸ ರಾಶಿ ಬಿದ್ದಿತ್ತು. ಹಳೆಯ ಒಂದು ಮದುವೆಯ ಫೈಲಿನಲ್ಲೇ ಅಕ್ಷರ ತಿದ್ದಿ ಕೊಟ್ಟುಬಿಟ್ಟೆ. ಮೇಲೆ ಚಂದಕ್ಕೆ 'ಮೂಡುಬಿದಿರೆ - ಬೆಳ್ತಂಗಡಿ, ಕೆಳಗಿನ ಬರ್ತು' ಎಂದು ಬಂತು. ಅಡಿಯಲ್ಲಿದ್ದ 'ತಾವು ಸಕುಟುಂಬ ಸಪರಿವಾರ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ' ಎಂಬ ಸಾಲು ಅಳಿಸಲು ಮರೆತಿತ್ತು! ಅಜ್ಜಿಗೆ ಮರೆವು ಹೌದು, ಓದಲು ಚೆನ್ನಾಗಿ ಬರುತ್ತದೆ. ತವರಿನಲ್ಲಿ ಮದುವೆ ಎಂದು ಗೊತ್ತಾದ ಮೇಲೆ ಕೇಳಬೇಕಾ? ರೇಷ್ಮೆಯ ಪಟ್ಟೆ ಸೀರೆ ಹೊರಗೆ ಬಂತು, ಮಲ್ಲಿಗೆ ಬೇಕೆಂದಾಯಿತು, ಮದುಮಗಳು ಯಾರೆಂದು ನೂರು ಸಲ ಕೇಳಿಯಾಯಿತು. ಒಂದು ವಾರ ಆ ರೈಲು ದಿಬ್ಬಣದ ರೈಲಾಗಿಯೇ ಓಡಿತು. ಚಿಕ್ಕಮ್ಮ ನನಗೆ ಫೋನಿನಲ್ಲಿ ಹಾಕಿದ ಮಂಗಳಾರತಿ ಇಲ್ಲಿ ಬರೆಯುವಂಥದ್ದಲ್ಲ.

ಅಜ್ಜಿಯೇನೋ ಮಲಗುತ್ತಿದ್ದರು. ಆದರೆ ರಾತ್ರಿ ಎರಡು ಮೂರು ಸಲ ಎಚ್ಚರವಾಗಿ, ಎಲ್ಲಿಗೆ ಮುಟ್ಟಿತು ಎಂದು ಕೇಳುತ್ತಾರೆ. ಉತ್ತರ ಬಾರದಿದ್ದರೆ ಎದ್ದು ಚೀಲ ಹಿಡಿದು ಹೊರಡುತ್ತಾರೆ. ಅದಕ್ಕೆ ಚಿಕ್ಕಮ್ಮ ಮಂಚದ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತಲ್ಲೇ ತೂಕಡಿಸುತ್ತಾಳೆ. ಮೂರು ವರ್ಷದಿಂದ ಅವಳ ರಾತ್ರಿ ಆ ಕುರ್ಚಿಯಲ್ಲೇ. ಹಗಲು ಕೂತರೆ ನಿದ್ದೆ ಬಂದೀತೆಂದು ಅವಳು ಕೂರುತ್ತಿರಲಿಲ್ಲ, ಅಷ್ಟೇ. ನಾವು ಅದನ್ನು ಅವಳ ಸ್ವಭಾವ ಎಂದುಕೊಂಡಿದ್ದೆವು.

ಹೀಗಿರುವಾಗ ಬೆಂಗಳೂರಿನಲ್ಲಿರುವ ಅವಳ ಮಗಳಿಗೆ ಸೀಮಂತ ನಿಶ್ಚಯವಾಯಿತು. ತಾಯಿ ತಂದೆ ಇಬ್ಬರೂ ಹೋಗಲೇಬೇಕು. ನಾನು ಯಾರನ್ನೂ ಕೇಳದೆ ಬಂಟ್ವಾಳದಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಎರಡು ಸ್ಲೀಪರ್ ಟಿಕೆಟ್ಟು ಮಾಡಿಸಿದೆ, ಚಿಕ್ಕಮ್ಮನಿಗೆ ಕೆಳಗಿನ ಬರ್ತು. ಎರಡು ರಾತ್ರಿ ನಾನು ಮತ್ತು ನನ್ನ ಹೆಂಡತಿ ಮೂಡುಬಿದಿರೆಯಲ್ಲಿದ್ದು ಅಜ್ಜಿಯನ್ನು ನೋಡಿಕೊಳ್ಳುತ್ತೇವೆ, ಸೀಮಂತ ಮುಗಿಸಿ ಮರುದಿನ ರಾತ್ರಿಯ ಬಸ್ಸಿನಲ್ಲಿ ವಾಪಸು ಬನ್ನಿ ಎಂದೆ. ಚಿಕ್ಕಮ್ಮ ಮೊದಲು ಆಗುವುದೇ ಇಲ್ಲ ಎಂದಳು. ಆಮೇಲೆ ಬ್ಯಾಗು ತುಂಬಿಸಿದಳು. ಸಂಜೆಗೆ ಖಾಲಿ ಮಾಡಿದಳು. ಮಾರನೇ ದಿನ ಪುನಃ ತುಂಬಿಸಿದಳು. ಚಿಕ್ಕಪ್ಪ, ಈ ಬ್ಯಾಗು ಆಗಲೇ ಬೆಂಗಳೂರಿಗೆ ಹೋಗಿ ಬಂದಷ್ಟು ಸುಸ್ತಾಗಿದೆ ಎಂದರು.

ಹೊರಡುವ ದಿನ ನಮಗೆ ಪಾಠ ಶುರುವಾಯಿತು. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ. ಕೂತು ಹೋಗುವ ರೈಲು ಹಾಕಬೇಡಿ, ಮಲಗುವುದೇ ಹಾಕಿ. ಸದ್ದು ಸಣ್ಣಕೆ ಇರಲಿ. ಬೆಳಿಗ್ಗೆ ಮುಟ್ಟುತ್ತದೆ ಎನ್ನಿ, ಗಂಟೆ ಹೇಳಬೇಡಿ. ಟಿಕೆಟ್ಟು ದಿಂಬಿನಡಿ ಉಂಟು. ಗೇಟಿನಲ್ಲಿ ಒಂದಿಷ್ಟು ಹೇಳಿದಳು, ಕಾರು ಹೊರಟ ಮೇಲೆ ಕಿಟಕಿಯಿಂದ ಒಂದಿಷ್ಟು ಹೇಳಿದಳು. ಇಷ್ಟೆಲ್ಲ ಹೇಳಿದವಳು ಮುಖ್ಯವಾದ ಒಂದನ್ನು ಮರೆತಿದ್ದಳು.

ಅಜ್ಜಿ ಉಂಡರು. ಚೀಲ ತುಂಬಿಸಿದರು. ನಾನು ರೈಲು ಬಿಟ್ಟೆ, ಅವರು ಮಲಗಿದರು. ಇಷ್ಟೇಯಾ ಎಂದು ನಾನು ಹೆಂಡತಿಯ ಹತ್ತಿರ ಜಂಬ ಕೊಚ್ಚಿದೆ. ಒಂಬತ್ತೂವರೆ ದಾಟಿರಬೇಕು, ಅಜ್ಜಿ ಕಣ್ಣು ಬಿಟ್ಟು, ಎಲ್ಲಿಗೆ ಮುಟ್ಟಿತು ಎಂದು ಕೇಳಿದರು. ಬೇಗ ಮುಟ್ಟುತ್ತದೆ ಎಂದರೆ ಖುಷಿಯಾದೀತೆಂದು ನಾನು, ಗುರುವಾಯನಕೆರೆ ಬಂತು ಅಜ್ಜಿ ಎಂದೆ.

ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಗುರುವಾಯನಕೆರೆ ಬಂತೆಂದರೆ ಬೆಳ್ತಂಗಡಿ ಬಂದ ಹಾಗೆಯೇ, ಬಸ್ಸಿನಲ್ಲಿ ಎಲ್ಲರೂ ಚೀಲ ಎತ್ತಿಕೊಂಡು ಬಾಗಿಲಿಗೆ ಬರುತ್ತಾರೆ. ಅಜ್ಜಿಯೂ ಎದ್ದು, ಸೀರೆ ಸರಿಮಾಡಿ, ಚೀಲ ಹೆಗಲಿಗೇರಿಸಿ ಕೋಣೆಯ ಹೊಸಿಲಿಗೆ ಬಂದು ನಿಂತರು! ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. (ಚಿಕ್ಕಮ್ಮ ಮೂರು ವರ್ಷವೂ ಅರ್ಧ ದಾರಿಯ ವೇಣೂರು ಎನ್ನುತ್ತಿದ್ದಳಂತೆ. ಅವಳ ರೈಲು ವೇಣೂರು ದಾಟುತ್ತಿರಲಿಲ್ಲ.) ನಾನು ಮಲಗಿ ಎಂದೆ, ಇನ್ನೂ ತಡ ಉಂಟು ಎಂದೆ, ಟಿವಿಯ ಸದ್ದು ಜೋರು ಮಾಡಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಹಿಂದೆ ತಿರುಗಿ ಮಂಚದ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದರು.

"ಅವಳೆಲ್ಲಿ?"

ಯಾರು ಎಂದು ನನ್ನ ಹೆಂಡತಿ ಕೇಳಿದಳು. ದಿನಾ ನನ್ನೊಟ್ಟಿಗೆ ಬರುವವಳು ಎಂದರು. ಹೆಸರು ಅವರಿಗೆ ಗೊತ್ತಿರಲಿಲ್ಲ, ಸೊಸೆ ಎಂದೂ ಗೊತ್ತಿರಲಿಲ್ಲ. ಅವಳು ಬೆಂಗಳೂರಿನ ರೈಲಿನಲ್ಲಿದ್ದಾಳೆ ಎಂದು ನಾನು ನಿಜವನ್ನೇ ಹೇಳಿಬಿಟ್ಟೆ. ಅಜ್ಜಿ, ಬೇರೆ ರೈಲಿಗೆ ಹತ್ತಿಸಿದಿರಾ ಅವಳನ್ನು, ಅವಳಿಗೆ ಯಾರಿದ್ದಾರೆ ಎಂದು ಕೇಳಿದರು. ಅವಳು ಬಾರದೆ ತಾನು ಇಳಿಯುವುದಿಲ್ಲ ಎಂದು ಅಲ್ಲೇ ನಿಂತರು. ಕೂರಲೊಲ್ಲರು, ಮಲಗಲೊಲ್ಲರು, ನನ್ನ ಹೆಂಡತಿ ಮುಟ್ಟಿದರೆ ಕೈ ಕೊಡಹುತ್ತಿದ್ದರು. ನನ್ನ ಜಂಬವೆಲ್ಲ ಇಳಿದಿತ್ತು. ಫೋನ್ ಮಾಡಿದರೆ ಚಿಕ್ಕಮ್ಮ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಓಡಿ ಬರುತ್ತಾಳೆಂದು ಗೊತ್ತಿತ್ತು, ಮಾಡದೆ ಬೇರೆ ದಾರಿ ಇರಲಿಲ್ಲ. ಮಾಡಿದೆ. ನಾನು ಎರಡು ಮಾತು ಹೇಳುವಷ್ಟರಲ್ಲಿ ಅವಳಿಗೆ ಅರ್ಥವಾಯಿತು. ಪುತ್ತೂರಿನಲ್ಲಿ ಇಳಿಯುತ್ತೇನೆ, ಅಲ್ಲಿಯವರೆಗೆ ಫೋನು ಅತ್ತೆಯ ಕಿವಿಗೆ ಹಿಡಿ ಎಂದಳು. ನಾನು ಸ್ಪೀಕರ್ ಹಾಕಿ ಹಿಡಿದೆ. ಕೋಣೆಯ ತುಂಬ ರೈಲಿನ ಸದ್ದು ತುಂಬಿತು. ಟಿವಿಯದ್ದಲ್ಲ, ನಿಜವಾದ್ದು.

"ಅತ್ತೆ, ನಾನು ರೈಲಿನಲ್ಲೇ ಇದ್ದೇನೆ," ಎಂದಳು ಚಿಕ್ಕಮ್ಮ.

ಅಜ್ಜಿ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆ ಸದ್ದು ಕೇಳಿದರು.

"ಮಲಗಿದ್ದೀಯಾ?"

"ಹೌದು ಅತ್ತೆ. ಬರ್ತು ಸಿಕ್ಕಿದೆ."

"ದಿನಾ ಕೂತುಕೊಂಡೇ ಬರ್ತಿದ್ದೆ ನೀನು, ನಾನು ನೋಡಿದ್ದೇನೆ," ಎಂದರು ಅಜ್ಜಿ. "ಎದ್ದೇಳಬೇಡ, ಮಲಗು. ನನ್ನ ಮನೆ ಬಂತು. ನಾನು ಇಲ್ಲಿ ಇಳೀತೇನೆ."

ಹೇಳಿದವರೇ ಹೊಸಿಲು ದಾಟಿ ಚಾವಡಿಗೆ ಒಂದು ಕಾಲಿಟ್ಟರು, ಇನ್ನೊಂದು ಕಾಲಿಟ್ಟರು. ಸುತ್ತ ನೋಡಿದರು. ಬೆಂಚಿನ ಮೇಲೆ ಕೂತು ಚೀಲವನ್ನು ಹೆಗಲಿನಿಂದ ತೆಗೆದು ಪಕ್ಕಕ್ಕೆ ಇಟ್ಟರು. ಹೊರಡುವ ಮಾತು ಮತ್ತೆ ಆಡಲಿಲ್ಲ. ಮರುದಿನ ಸಂಜೆ ಆಡಿದರು, ಅದು ಬೇರೆ. ಆ ರಾತ್ರಿ ಆಡಲಿಲ್ಲ.

ಫೋನಿನಲ್ಲಿ ರೈಲಿನ ಸದ್ದಿನ ನಡುವೆ ಚಿಕ್ಕಮ್ಮ ಅಳುತ್ತಿದ್ದಾಳೆಂದು ನನಗೆ ತಿಳಿಯಿತು. ಅಜ್ಜಿ ಆರಾಮ ಇದ್ದಾರೆ, ಪುತ್ತೂರಿನಲ್ಲಿ ಇಳಿಯಬೇಡ, ಮಲಗು ಎಂದೆ. ಅವಳು ಮೂಗು ಎಳೆದುಕೊಂಡು ಕೇಳಿದಳು.

"ಇಳಿಯುವಾಗ ಕೈ ಹಿಡ್ಕೊಂಡಿಯಾ ಮಗಾ?"

ನಾನು ಹಿಡಿದಿರಲಿಲ್ಲ. ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಆಮೇಲೆ ಫೋನಿಗೆ, ಹೂಂ ಚಿಕ್ಕಮ್ಮ, ಹಿಡ್ಕೊಂಡಿದ್ದೇನೆ ಎಂದೆ.